ಬಂಡೆ, ಭಗೀರಥ, ಡಾಕ್ಟ್ರು: ನಾಲ್ಕು ತಾಲ್ಲೂಕುಗಳ ನಾಯಕ ಪರೀಕ್ಷೆ

ಸಾವನದುರ್ಗದ ಬುಡದ ಹಳ್ಳಿಗಳಲ್ಲಿ ಬರೀ ಪಕ್ಷದ ಹೆಸರು ಹಿಡಿದು ರಾಜಕೀಯ ಮಾತಾಡಲು ಹೊರಟವರು ಬೇಗ ಎಡವುತ್ತಾರೆ. ಮಾಗಡಿ ಕ್ಷೇತ್ರದಲ್ಲಿ 2013ರಲ್ಲಿ ಜೆಡಿಎಸ್‌ನಿಂದ ಎಚ್.ಸಿ. ಬಾಲಕೃಷ್ಣ, ಕಾಂಗ್ರೆಸ್‌ನಿಂದ ಎ. ಮಂಜುನಾಥ್ ನಿಂತಿದ್ದರು, ಬಾಲಕೃಷ್ಣ ಗೆದ್ದರು. 2018ರ ಹೊತ್ತಿಗೆ ಬಾಲಕೃಷ್ಣ ಕಾಂಗ್ರೆಸ್ಸಿಗೆ ಹೋಗಿದ್ದರು, ಮಂಜುನಾಥ್ ಜೆಡಿಎಸ್‌ಗೆ ಬಂದಿದ್ದರು. ಈ ಸಲ ಗೆದ್ದದ್ದು ಮಂಜುನಾಥ್. 2023ರಲ್ಲಿ ಮತ್ತೆ ಬಾಲಕೃಷ್ಣ, ಕಾಂಗ್ರೆಸ್ಸಿನಿಂದಲೇ. ಇದೇ ಬಾಲಕೃಷ್ಣ 1994ರಲ್ಲಿ ವಿಧಾನಸಭೆಗೆ ಹೋಗಿದ್ದು ಬಿಜೆಪಿಯಿಂದ. 2013ರಿಂದ ಹತ್ತು ವರ್ಷ, ಮೂರು ಚುನಾವಣೆ, ಅದೇ ಇಬ್ಬರು ಆಸಾಮಿಗಳು. ಬಾವುಟ ಮಾತ್ರ ಅದಲುಬದಲು. ಹಾಗಾದರೆ ಈ ಮತದಾರರು ನೋಡುತ್ತಿರುವುದು ಯಾವುದನ್ನು?

ಮಾಗಡಿಯಿಂದ ರಾಮನಗರ ಸೀಮೆಯ ಇನ್ನೂ ಮೂರು ತಾಲ್ಲೂಕುಗಳತ್ತ ತಿರುಗಿದರೆ ಪ್ರಶ್ನೆ ಇನ್ನೂ ಜಟಿಲವಾಗುತ್ತದೆ. 2023ರ ಮೇ ತಿಂಗಳಲ್ಲಿ ಕನಕಪುರ, ರಾಮನಗರ, ಮಾಗಡಿ ಮೂರೂ ಕಾಂಗ್ರೆಸ್ಸಿಗೆ ಬಂದವು, ಚನ್ನಪಟ್ಟಣ ಎಚ್.ಡಿ. ಕುಮಾರಸ್ವಾಮಿಯವರ ಕೈಯಲ್ಲಿ ಉಳಿಯಿತು. ಒಂದು ವರ್ಷ ಕಳೆದು 2024ರ ಜೂನ್ 4ರಂದು, ಈ ನಾಲ್ಕೂ ಸೇರಿರುವ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದ ಪೆಟ್ಟಿಗೆ ಒಡೆದಾಗ, ಬಿಜೆಪಿಯಿಂದ ನಿಂತ ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್ ಅವರು ಕಾಂಗ್ರೆಸ್ಸಿನ ಡಿ.ಕೆ. ಸುರೇಶ್ ಅವರನ್ನು 2,69,647 ಮತಗಳಿಂದ ಸೋಲಿಸಿದ್ದರು. ಚನ್ನಪಟ್ಟಣದಲ್ಲೂ ಮುನ್ನಡೆ ಡಾಕ್ಟರದ್ದೇ. ಮಂಡ್ಯದಿಂದ ಸಂಸತ್ತಿಗೆ ಹೋದ ಕುಮಾರಸ್ವಾಮಿ ಬಿಟ್ಟುಕೊಟ್ಟ ಅದೇ ಚನ್ನಪಟ್ಟಣದಲ್ಲಿ ಐದು ತಿಂಗಳ ಬಳಿಕ ಉಪಚುನಾವಣೆ. ಬಿಜೆಪಿ ಬಿಟ್ಟು ಕಾಂಗ್ರೆಸ್ಸಿಗೆ ಬಂದು ತಿಂಗಳೂ ತುಂಬದ ಸಿ.ಪಿ. ಯೋಗೇಶ್ವರ್, ಕುಮಾರಸ್ವಾಮಿಯವರ ಮಗ ನಿಖಿಲ್ ಕುಮಾರಸ್ವಾಮಿಯವರನ್ನು 25,413 ಮತಗಳಿಂದ ಮಣಿಸಿದರು. ಒಂದೂವರೆ ವರ್ಷದಲ್ಲಿ ಒಂದೇ ಊರು ಮೂರು ಥರ ತೀರ್ಪು ಕೊಟ್ಟಿತು. ಟಿವಿಯ ಚರ್ಚೆಗಳಲ್ಲಿ ಇದಕ್ಕೆ ಮೂರು ಬೇರೆ ಬೇರೆ ಅಲೆಗಳ ಹೆಸರಿಟ್ಟರು. ನನಗೆ ಕಾಣುವಂತೆ ಇಲ್ಲಿ ಅಲೆಗಿಂತ ಅಳತೆ ದೊಡ್ಡದು. ಯಾವ ಕುರ್ಚಿಗೆ ಎಂಥ ಮನುಷ್ಯ ಬೇಕು ಎಂಬುದನ್ನು ಜನ ಒಂದೊಂದು ಕುರ್ಚಿಗೆ ಒಂದೊಂದು ಥರ ಅಳೆದಿದ್ದಾರೆ.

ಜಾತಿ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ, ಬೇಕಾದಷ್ಟಿದೆ. ‘ವೋಟ್ ಬ್ಯಾಂಕ್’ ಎಂಬ ಮಾತನ್ನು 1955ರಲ್ಲಿ ಚಲಾವಣೆಗೆ ತಂದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅದನ್ನು ಕಂಡುಕೊಂಡದ್ದೇ ಹಳೇ ಮೈಸೂರಿನ ಹಳ್ಳಿಯೊಂದರಲ್ಲಿ. ಗೌಡರ ಜಗಲಿಯ ಮೇಲೆ ಕೂತು ಬರೆದುಕೊಂಡ ಟಿಪ್ಪಣಿಗಳಿಂದ. ಆದರೆ ಈ ಸೀಮೆಯಲ್ಲಿ ಒಂದು ವಿಶೇಷವಿದೆ. ಕನಕಪುರದ ಡಿ.ಕೆ. ಶಿವಕುಮಾರ್, ಅವರ ತಮ್ಮ ಸುರೇಶ್, ಕುಮಾರಸ್ವಾಮಿ, ನಿಖಿಲ್, ಡಾ. ಮಂಜುನಾಥ್, ಯೋಗೇಶ್ವರ್ ಎಲ್ಲರೂ ಒಕ್ಕಲಿಗರೇ. ಎರಡೂ ಕಡೆ ಒಂದೇ ಸಮುದಾಯದವರು ನಿಂತಾಗ ಜಾತಿಯ ತಕ್ಕಡಿ ಅಲ್ಲಿಗೇ ಸಮ. ಮುಂದಿನ ತೂಕ ಮನುಷ್ಯನದು. ಅದೂ ಅಲ್ಲದೆ ಹಿಂದಿನದನ್ನು ಮರೆಯಬಾರದು. 1983ರಲ್ಲಿ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರಿಗೆ ವಿಧಾನಸಭೆಯಲ್ಲಿ ಕ್ಷೇತ್ರ ಬೇಕಾದಾಗ ಪಿ.ಜಿ.ಆರ್. ಸಿಂಧ್ಯ ಕನಕಪುರವನ್ನು ಬಿಟ್ಟುಕೊಟ್ಟರು. ಉತ್ತರ ಕನ್ನಡದ ಬ್ರಾಹ್ಮಣರನ್ನು ಕನಕಪುರ ಗೆಲ್ಲಿಸಿ ಕಳಿಸಿತು. ಮರಾಠಾ ಸಮುದಾಯದ ಸಿಂಧ್ಯರನ್ನೂ ಅದೇ ಕನಕಪುರ ಎರಡು ದಶಕ ಬಿಡದೆ ಆರಿಸಿತು. 2023ರಲ್ಲಿ ರಾಮನಗರ, ಮಾಜಿ ಪ್ರಧಾನಿ ದೇವೇಗೌಡರ ಮೊಮ್ಮಗ ನಿಖಿಲ್ ಅವರಿಗೆ ಇಲ್ಲ ಎಂದು ಎಚ್.ಎ. ಇಕ್ಬಾಲ್ ಹುಸೇನ್ ಅವರಿಗೆ ಹೌದು ಎಂದಿತು, ಅಂತರ 10,715. ಜಾತಿಯ ಲೆಕ್ಕ ಗೊತ್ತಿರುವ ಊರು ಆ ಲೆಕ್ಕವನ್ನೇ ದಾಟಿದಾಗ, ದಾಟಿಸಿದ್ದು ಏನು ಎಂದು ನೋಡುವುದು ಹೆಚ್ಚು ಲಾಭದ ಕೆಲಸ.

ಮನಃಶಾಸ್ತ್ರಜ್ಞರು ಇದನ್ನು ಬಹಳ ಕಾಲದಿಂದ ಕೆದಕುತ್ತಿದ್ದಾರೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಟೊಡೊರೊವ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ. ಅಮೆರಿಕದ ಸೆನೆಟ್ ಚುನಾವಣೆಯ ಇಬ್ಬರು ಅಭ್ಯರ್ಥಿಗಳ ಮುಖವನ್ನಷ್ಟೇ ತೋರಿಸಿ ‘ಇವರಲ್ಲಿ ಸಮರ್ಥರು ಯಾರು’ ಎಂದು ಕೇಳಿದರು. ಸುಮಾರು ಶೇ 70ರಷ್ಟು ಸ್ಪರ್ಧೆಗಳಲ್ಲಿ, ‘ಸಮರ್ಥ’ ಎನ್ನಿಸಿಕೊಂಡ ಮುಖವೇ ನಿಜವಾಗಿಯೂ ಗೆದ್ದಿತ್ತು. ಸ್ವಿಟ್ಜರ್ಲೆಂಡಿನ ಜಾನ್ ಆಂಟೊನಾಕಿಸ್ ಮತ್ತು ಒಲಾಫ್ ಡಾಲ್ಗಾಸ್ 2009ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಚಿಕ್ಕ ಮಕ್ಕಳಿಗೆ ಹಡಗಿನ ಆಟ ಆಡಿಸಿ, ಫ್ರಾನ್ಸ್ ಸಂಸತ್ ಚುನಾವಣೆಯ ಅಭ್ಯರ್ಥಿಗಳ ಫೋಟೊ ಮುಂದಿಟ್ಟು, ನಿಮ್ಮ ಹಡಗಿಗೆ ಕ್ಯಾಪ್ಟನ್ ಯಾರಾಗಬೇಕು ಎಂದರು. ಮಕ್ಕಳು ಆರಿಸಿದ ಕ್ಯಾಪ್ಟನ್‌ಗಳೂ ಹೆಚ್ಚುಕಡಿಮೆ ಗೆದ್ದವರೇ. ಓದಿದಾಗ ಎದೆ ಸ್ವಲ್ಪ ಝಲ್ಲೆನ್ನುತ್ತದೆ. ಆದರೆ ಆ ಪ್ರಯೋಗಗಳಲ್ಲಿ ನೋಡುವವರಿಗೆ ಅಭ್ಯರ್ಥಿಯ ಪರಿಚಯವಿಲ್ಲ. ಚನ್ನಪಟ್ಟಣದ ಮತದಾರನಿಗೆ ಮುಖ ಒಂದು ಸೆಕೆಂಡಿನ ಫೋಟೊ ಅಲ್ಲ. ಅಣ್ಣನ ಮಗಳ ಮದುವೆಗೆ ಬಂದು ಊಟ ಮಾಡದೆ ಹೋದ ಮುಖ, ಅಪ್ಪ ಸತ್ತ ದಿನ ರಾತ್ರಿ ಹನ್ನೊಂದಕ್ಕೆ ಬಂದು ಮಾತಾಡಿಸಿದ ಮುಖ.

ಅಮೆರಿಕದ ರಾಜಕೀಯ ವಿಜ್ಞಾನಿ ಡೊನಾಲ್ಡ್ ಕಿಂಡರ್ 1980ರ ದಶಕದಲ್ಲಿ, ಮತದಾರರು ಅಧ್ಯಕ್ಷೀಯ ಅಭ್ಯರ್ಥಿಗಳನ್ನು ನಾಲ್ಕು ಗುಣಗಳಲ್ಲಿ ತೂಗುತ್ತಾರೆ ಎಂದು ಗುರುತಿಸಿದ್ದರು: ಸಾಮರ್ಥ್ಯ, ಮುಂದಾಳುತನ, ಪ್ರಾಮಾಣಿಕತೆ, ಜನರ ಕಷ್ಟ ತಿಳಿಯುವ ಮನಸ್ಸು. ನಮ್ಮ ಕಡೆಗೆ ತಂದರೆ ಈ ನಾಲ್ಕರ ಜೊತೆ ಐದನೆಯದೊಂದನ್ನು ಸೇರಿಸಲೇಬೇಕು, ಅದೂ ಮೊದಲನೇ ಸ್ಥಾನದಲ್ಲಿ. ‘ಕೈಗೆ ಸಿಗ್ತಾರಾ?’

ಈ ಪ್ರಶ್ನೆ ಪೆದ್ದುತನದಿಂದ ಹುಟ್ಟಿದ್ದಲ್ಲ. ಸರ್ಕಾರದ ರಚನೆಯೇ ಇದನ್ನು ಹುಟ್ಟಿಸಿದೆ. ಕರ್ನಾಟಕದಲ್ಲಿ ಸರ್ಕಾರಿ ಜಮೀನಿನ ಬಗರ್ ಹುಕುಂ ಸಾಗುವಳಿ ಸಕ್ರಮ ಮಾಡುವ ತಾಲ್ಲೂಕು ಸಮಿತಿಗೆ ಅಧ್ಯಕ್ಷರು ಸ್ಥಳೀಯ ಶಾಸಕರು. ನಮೂನೆ 50, ನಮೂನೆ 53, ಆಮೇಲೆ ಬಂದ ನಮೂನೆ 57, ಈ ಅರ್ಜಿಗಳು ಅಪ್ಪನಿಂದ ಮಗನಿಗೆ ಬಂದ ಆಸ್ತಿಯ ಹಾಗೆ ಕಬ್ಬಿಣದ ಪೆಟ್ಟಿಗೆಯಲ್ಲಿವೆ. ಸಾವನದುರ್ಗದ ಅರಣ್ಯದ ಅಂಚಿನಲ್ಲಿ ಉಳುವ ರೈತನಿಗೆ ತನ್ನ ಎರಡೆಕರೆ ಗೋಮಾಳವೋ ಅರಣ್ಯವೋ ಎಂಬ ಹಳೇ ಗೊಂದಲ. ಆ ಗೊಂದಲ ಬಿಡಿಸುವ ಸಭೆ ಕರೆಯಬೇಕಾದವರು ಶಾಸಕರು. ಬಡವರ ಮನೆ ಪಟ್ಟಿ, ಗಂಗಾ ಕಲ್ಯಾಣದ ಕೊಳವೆಬಾವಿ, ಸುಟ್ಟುಹೋದ ಟಿಸಿಗೆ (ಟ್ರಾನ್ಸ್‌ಫಾರ್ಮರ್) ಬದಲಿ ಟಿಸಿ, ಪೊಲೀಸ್ ಠಾಣೆಗೆ ಒಂದು ಫೋನು, ಎಲ್ಲದಕ್ಕೂ ದಾರಿ ಅದೇ ಬಾಗಿಲಿನ ಮೂಲಕ. ಹಾಗಾಗಿಯೇ ಬೆಳಗ್ಗೆ ಏಳಕ್ಕೆಲ್ಲ ಶಾಸಕರ ಮನೆ ಮುಂದೆ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಸುತ್ತಿಕೊಂಡ ಜನ. ಒಳಗಿಂದ ಬಂದ ಮನುಷ್ಯ ಹೆಸರು ಹಿಡಿದು ಕರೆದರೆ ಅರ್ಧ ಕೆಲಸ ಆದಂತೆ. ತಹಶೀಲ್ದಾರರಿಗೆ ಎಲ್ಲರೆದುರೇ ಫೋನ್ ಹಾಕಿ ಗದರಿಸಿದರೆ ಮುಕ್ಕಾಲು. ಕೆಲಸ ಆಗದಿದ್ದರೂ ಆ ಗದರಿಕೆ ಊರಿಗೆ ಹೋಗಿ ಹತ್ತು ಜನರ ಬಾಯಲ್ಲಿ ಓಡಾಡುತ್ತದೆ.

ಕಚೇರಿ ತನ್ನಷ್ಟಕ್ಕೆ ಕೆಲಸ ಮಾಡುವ ಊರಿನಲ್ಲಿ ಶಾಸಕನ ದರ್ಪ ಅಸಹ್ಯವಾಗಿ ಕಂಡೀತು. ಅರ್ಜಿ ಕೊಟ್ಟವನು ಹತ್ತು ಸಲ ಅಲೆಯಬೇಕಾದ ಊರಿನಲ್ಲಿ ಅದೇ ದರ್ಪ ಧೈರ್ಯದಂತೆ ಕಾಣುತ್ತದೆ. ಕನಕಪುರದ ಜನ ತಮ್ಮ ಶಾಸಕ ಶಿವಕುಮಾರ್ ಅವರನ್ನು ‘ಬಂಡೆ’ ಎಂದು ಕರೆಯುವುದನ್ನು ಈ ಬೆಳಕಿನಲ್ಲಿ ನೋಡಬೇಕು. ಗ್ರಾನೈಟ್ ಕಲ್ಲಿನ ಸೀಮೆ ಅದು. ಹೆಸರು ಅಲ್ಲಿಂದಲೇ ಬಂದಿದೆ, ಎದುರಾಳಿಗಳು ಅದನ್ನು ಕ್ವಾರಿಗಳ ಕಡೆಗೆ ತಿರುಗಿಸಿ ಟೀಕಿಸಿದ್ದೂ ಉಂಟು. ಆದರೆ ಅಭಿಮಾನಿಗಳ ಬಾಯಲ್ಲಿ ಅದರ ಅರ್ಥ ಒಂದೇ, ‘ಅಲುಗಾಡಲ್ಲ’. 1985ರಲ್ಲಿ ಸಾತನೂರಿನಲ್ಲಿ ದೇವೇಗೌಡರ ಎದುರು ಸೋತ ಹುಡುಗ 1989ರಲ್ಲಿ ಗೆದ್ದು, 1999ರಲ್ಲಿ ಅದೇ ಸಾತನೂರಿನಲ್ಲಿ ದೇವೇಗೌಡರ ಮಗ ಕುಮಾರಸ್ವಾಮಿಯವರನ್ನು ಸೋಲಿಸಿದ ಎಂಬುದು ಅಲ್ಲಿ ಕಥೆಯಂತೆ ಹೇಳುವ ಸಂಗತಿ. 2018ರಲ್ಲಿ 79,909 ಇದ್ದ ಶಿವಕುಮಾರ್ ಅವರ ಗೆಲುವಿನ ಅಂತರ 2023ರಲ್ಲಿ 1,22,392ಕ್ಕೆ ಏರಿತು. ಬಿಜೆಪಿ ಕಳಿಸಿದ್ದ ಆರ್. ಅಶೋಕ್ ಅವರಂಥ ಹಿರಿಯ ಸಚಿವರಿಗೆ ಠೇವಣಿಯೂ ದಕ್ಕಲಿಲ್ಲ.

ಆ ಏರಿಕೆಗೆ ಇನ್ನೊಂದು ಕಾರಣವಿತ್ತು: ನಮ್ಮವರು ಮುಖ್ಯಮಂತ್ರಿ ಆಗಬಹುದು ಎಂಬ ಆಸೆ. ಈ ಜಿಲ್ಲೆಗೆ ಆ ಚಟ ಹಳೆಯದು. ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯ ಕೆಂಗಲ್ ಹನುಮಂತಯ್ಯನವರು 1952ರಲ್ಲಿ ಮುಖ್ಯಮಂತ್ರಿಯಾಗಿ ವಿಧಾನಸೌಧ ಕಟ್ಟಿಸಿದರು. 1983ರಲ್ಲಿ ಹೆಗಡೆ ಕನಕಪುರದ ಶಾಸಕರಾಗಿ ಆ ಕುರ್ಚಿಯಲ್ಲಿದ್ದರು. 1994ರಲ್ಲಿ ರಾಮನಗರದಿಂದ ಗೆದ್ದ ದೇವೇಗೌಡರು ಮುಖ್ಯಮಂತ್ರಿಯಾಗಿ, ಅಲ್ಲಿಂದ 1996ರಲ್ಲಿ ಪ್ರಧಾನಿಯಾದರು. 2006ರಲ್ಲಿ ರಾಮನಗರದ ಶಾಸಕ, 2018ರಲ್ಲಿ ಚನ್ನಪಟ್ಟಣದ ಶಾಸಕ ಕುಮಾರಸ್ವಾಮಿ ಎರಡು ಸಲ ಮುಖ್ಯಮಂತ್ರಿ. ಮೊದಲ ಅವಧಿಯಲ್ಲೇ, 2007ರಲ್ಲಿ, ರಾಮನಗರ ಜಿಲ್ಲೆಯಾಯಿತು. ಅದೇ ಜಿಲ್ಲೆಗೆ 2025ರಲ್ಲಿ ‘ಬೆಂಗಳೂರು ದಕ್ಷಿಣ’ ಎಂದು ಹೆಸರು ಬದಲಿಸಲು ಮುಂದಾದವರು ಕನಕಪುರದ ಶಿವಕುಮಾರ್. ಜಿಲ್ಲೆ ಹುಟ್ಟಿಸಿದವರು ಒಬ್ಬರು, ಹೆಸರಿಟ್ಟವರು ಇನ್ನೊಬ್ಬರು. ಇಂಥ ಊರಿನ ಮತದಾರ ‘ನಮ್ಮ ಎಮ್ಮೆಲ್ಲೆ’ ಎನ್ನುವಾಗ ಅವನ ಕಣ್ಣು ಅರ್ಧ ವಿಧಾನಸೌಧದ ಮೂರನೇ ಮಹಡಿಯ ಮುಖ್ಯಮಂತ್ರಿ ಕಚೇರಿಯ ಮೇಲೇ ಇರುತ್ತದೆ. ಅಧಿಕಾರದ ಹತ್ತಿರ ಹೋಗಬಲ್ಲವನು ಎಂಬುದೇ ಇಲ್ಲಿ ಒಂದು ಗುಣ.

ಹಾಗಾದರೆ ಕುಮಾರಸ್ವಾಮಿಯವರಿಗೆ ಎರಡು ಸಲ ಗೆಲುವು ಕೊಟ್ಟ ಚನ್ನಪಟ್ಟಣ ಅವರ ಮಗನಿಗೆ ಯಾಕೆ ಕೊಡಲಿಲ್ಲ? ಇಲ್ಲಿ ನೀರಿನ ಕಥೆಗೆ ಬರಬೇಕು, ಸ್ವಲ್ಪ ನಿಧಾನವಾಗಿ.

ಚನ್ನಪಟ್ಟಣ ತಾಲ್ಲೂಕಿನ ಇಗ್ಗಲೂರಿನಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ಒಂದು ಬ್ಯಾರೇಜ್ ಇದೆ. ದೇವೇಗೌಡರ ಹೆಸರಿನಲ್ಲೇ ಇದೆ, ಅವರ ಕಾಲದ ಕೆಲಸ. ಬ್ಯಾರೇಜಿನಲ್ಲಿ ನೀರು ನಿಂತಿತು. ಆದರೆ ಎತ್ತರದ ಹಳ್ಳಿಗಳ ಕೆರೆಗಳು ಒಣಗಿಯೇ ಇದ್ದವು. ಕೆರೆ ಒಣಗಿದರೆ ಕೊಳವೆಬಾವಿ ಸಾವಿರ ಅಡಿಗೆ ಇಳಿಯುತ್ತದೆ, ಹಿಪ್ಪುನೇರಳೆ ಸೊಪ್ಪು ಸೊರಗುತ್ತದೆ, ಹುಳು ಮನೆಯಲ್ಲಿ ಹುಳಕ್ಕೆ ಮೇವಿಲ್ಲ, ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಒಯ್ಯಲು ಗೂಡೇ ಇಲ್ಲ. ಯೋಗೇಶ್ವರ್ ಮಾಡಿದ ಕೆಲಸವೆಂದರೆ ಇಗ್ಗಲೂರಿನಿಂದ ನೀರನ್ನು ಪಂಪಿನಲ್ಲಿ ಎತ್ತಿ, ಪೈಪಿನಲ್ಲಿ ತಂದು ಈ ಕೆರೆಗಳಿಗೆ ಬಿಡಿಸಿದ್ದು. ಏರಿ ಮೇಲೆ ನಿಂತವನಿಗೆ ಪೈಪಿನ ಬಾಯಿಂದ ನೀರು ಕೆರೆಗೆ ಧುಮುಕುವುದು ಕಣ್ಣಿಗೆ ಕಾಣುತ್ತದೆ. ಒಂದೆರಡು ತಿಂಗಳಿಗೆ ತೆಂಗಿನ ಸುಳಿ ಹಸಿರಾಗುತ್ತದೆ, ನಿಂತುಹೋಗಿದ್ದ ಬೋರು ಮತ್ತೆ ಉಗುಳುತ್ತದೆ. ಜನ ‘ಭಗೀರಥ’ ಎಂದರು. ನೀರು ಕೊಟ್ಟವನನ್ನು ಕರ್ನಾಟಕ ಹೆಸರಿಟ್ಟೇ ನೆನೆಯುತ್ತದೆ. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ ಅಬ್ದುಲ್ ನಜೀರ್ ಸಾಬರು ‘ನೀರ್ ಸಾಬ್’ ಆದದ್ದು ಹಾಗೆಯೇ.

2024ರ ಉಪಚುನಾವಣೆಯ ಇಡೀ ಜಗಳ ಈ ಋಣದ ಲೆಕ್ಕದ್ದು. ಅಣೆ ಕಟ್ಟಿಸಿದ್ದು ನಾವು, ಅದಿಲ್ಲದೆ ಎಲ್ಲಿಂದ ನೀರು ಎತ್ತುತ್ತಿದ್ದರು ಎಂದು ಜೆಡಿಎಸ್‌ನವರು ಕೇಳಿದರು. 91 ವರ್ಷದ ದೇವೇಗೌಡರು ಖುದ್ದು ಬಂದು ಹಳ್ಳಿ ಹಳ್ಳಿ ಸುತ್ತಿದರು. ವಾದ ಸುಳ್ಳಲ್ಲ. ಆದರೆ ಅಣೆಕಟ್ಟು ನದಿಯ ಹತ್ತಿರ, ಕೆರೆ ಮನೆಯ ಹತ್ತಿರ. ಸರ್ಕಾರದ ಕೆಲಸಗಳಲ್ಲಿ ಕೊನೆಯ ನಲ್ಲಿ ತಿರುಗಿಸಿದವನಿಗೇ ಹೆಸರು. ಅದು ನ್ಯಾಯವೋ ಅನ್ಯಾಯವೋ, ಮತಗಟ್ಟೆಯಲ್ಲಿ ನಡೆಯುವುದು ಹಾಗೆಯೇ.

ಯೋಗೇಶ್ವರ್ ಅವರ ಪಕ್ಷಾಂತರಗಳ ಪಟ್ಟಿ ಬೇರೆ ಯಾರಿಗಾದರೂ ಮುಳುವಾಗುತ್ತಿತ್ತು. 1999ರಲ್ಲಿ ಪಕ್ಷೇತರ, ಆಮೇಲೆ ಕಾಂಗ್ರೆಸ್, 2009ರಲ್ಲಿ ಬಿಜೆಪಿ, 2013ರಲ್ಲಿ ಸಮಾಜವಾದಿ ಪಕ್ಷದ ಸೈಕಲ್, ಮತ್ತೆ ಬಿಜೆಪಿ, ಮತ್ತೆ ಕಾಂಗ್ರೆಸ್. ಸೈಕಲ್ ಚಿಹ್ನೆಯಲ್ಲಿ ಚನ್ನಪಟ್ಟಣದಲ್ಲಿ ಗೆಲ್ಲುವುದೆಂದರೆ ಚಿಹ್ನೆಯೇ ಇಲ್ಲದೆ ಗೆದ್ದಂತೆ! ಹಾಗೆಂದು ಜನ ಕಣ್ಣು ಮುಚ್ಚಿಕೊಂಡೇ ಇದ್ದರು ಎನ್ನಲಾಗದು. 2009ರಲ್ಲಿ, ಅದಕ್ಕೆ ಮುಂಚೆ ಗೆದ್ದಿದ್ದ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಬಿಜೆಪಿಯಿಂದ ಮರಳಿ ನಿಂತಾಗ ಸೋಲಿಸಿದರು. 2018, 2023ರಲ್ಲೂ ಸೋಲಿಸಿದರು. ಆ ಎರಡು ಸಲ ಎದುರಿಗಿದ್ದವರು ಮುಖ್ಯಮಂತ್ರಿಯಾಗಬಲ್ಲ ಕುಮಾರಸ್ವಾಮಿ. ಅಧಿಕಾರ ತರಬಲ್ಲವನಿಗೂ ಕೆರೆ ತುಂಬಿಸಿದವನಿಗೂ ಪೈಪೋಟಿ ಬಿದ್ದಾಗ ಅಧಿಕಾರದ ಕಡೆ ವಾಲಿದರು. ಆ ಮನುಷ್ಯ ದೆಹಲಿಗೆ ಹೋದ ಮೇಲೆ ಮಗನಲ್ಲಿ ಅದೇ ಶಕ್ತಿ ಇದೆಯೆಂದು ಒಪ್ಪಲಿಲ್ಲ, ಕೆರೆಯ ಕಡೆಗೆ ಮರಳಿದರು. ರಾಜ್ಯದಲ್ಲಿ ಕಾಂಗ್ರೆಸ್ ಸರ್ಕಾರವಿದ್ದುದೂ, ತಿಂಗಳಿಗೆ ಎರಡು ಸಾವಿರದ ಗೃಹಲಕ್ಷ್ಮಿಯೂ, ಮುಸ್ಲಿಂ ಮತಗಳು ಒಂದೇ ಕಡೆ ಬಿದ್ದುದೂ ಸೇರಿಕೊಂಡವು. ಅವನ್ನು ಬದಿಗಿಟ್ಟು ಮಾತಾಡಿದರೆ ಮೋಸವಾಗುತ್ತದೆ.

ನಿಖಿಲ್ ಪ್ರಚಾರದ ವೇದಿಕೆಯಲ್ಲಿ ಕಣ್ಣೀರು ಹಾಕಿದ್ದನ್ನು ಆ ದಿನಗಳಲ್ಲಿ ಎಲ್ಲರೂ ನೋಡಿದರು. ಕಣ್ಣೀರಿಗೆ ಈ ಕುಟುಂಬದ ರಾಜಕೀಯದಲ್ಲಿ ದೊಡ್ಡ ಚರಿತ್ರೆಯೇ ಇದೆ. 2018ರ ಜುಲೈನಲ್ಲಿ ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದುಕೊಂಡೇ ತಮ್ಮನ್ನು ವಿಷಕಂಠನಿಗೆ ಹೋಲಿಸಿಕೊಂಡು ಅತ್ತಿದ್ದರು. ಕೆಲಸ ಮಾಡಿ ನೊಂದವನು ಅತ್ತರೆ ‘ಪಾಪ, ನಮ್ಮ ಕುಮಾರಣ್ಣ’ ಎನ್ನುತ್ತಾರೆ ಹೆಂಗಸರು. ಇನ್ನೂ ಕೆಲಸ ಶುರು ಮಾಡದವನು ಅತ್ತರೆ ಅದೇ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಾರೆ. ಭಾವನೆಗೂ ಬಂಡವಾಳ ಬೇಕು. 2019ರಲ್ಲಿ ಮಂಡ್ಯ, 2023ರಲ್ಲಿ ರಾಮನಗರ, 2024ರಲ್ಲಿ ಚನ್ನಪಟ್ಟಣ: ಮೂರೂ ಕಡೆ ಸಿನಿಮಾ ನಟರೂ ಆದ ನಿಖಿಲ್ ಅವರಿಗೆ ಕೊರತೆಯಾದದ್ದು ಮತ ಯಾಚಿಸುವ ಮುಂಚಿನ ವರ್ಷಗಳದು. ಸಿನಿಮಾದ ಮುಖ ಇದ್ದರೆ ಸಾಕು ಎಂಬ ನಂಬಿಕೆಯನ್ನಂತೂ ರಾಮನಗರ ಹಿಂದೆಯೇ ಸುಳ್ಳು ಮಾಡಿತ್ತು. ದೇವೇಗೌಡರು ಪ್ರಧಾನಿಯಾದ ಮೇಲೆ ನಡೆದ ಉಪಚುನಾವಣೆಯಲ್ಲಿ ಜನತಾದಳದಿಂದ ನಿಂತ ಅಂಬರೀಷ್ ಅವರಂಥ ಅಂಬರೀಷ್, ಸ್ಥಳೀಯರಾದ ಸಿ.ಎಂ. ಲಿಂಗಪ್ಪನವರ ಎದುರು ಸೋತಿದ್ದರು.

ಇನ್ನು ಡಾಕ್ಟರ ವಿಷಯ. ಡಾ. ಮಂಜುನಾಥ್ ದೇವೇಗೌಡರ ಅಳಿಯ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ‘ಕುಟುಂಬ ರಾಜಕಾರಣ’ದ ಟೀಕೆ ಅವರಿಗೆ ಅಂಟಲಿಲ್ಲ. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿ ವರ್ಷಗಟ್ಟಲೆ ‘ಮೊದಲು ಚಿಕಿತ್ಸೆ, ಆಮೇಲೆ ದುಡ್ಡು’ ಎಂಬ ಪದ್ಧತಿ ನಡೆಸಿದವರು. ಈ ನಾಲ್ಕು ತಾಲ್ಲೂಕುಗಳಿಂದ ಎದೆನೋವೆಂದು ಓಡಿದವರೆಲ್ಲ ಜಯದೇವಕ್ಕೇ ಓಡಿದ್ದು. ಸ್ಟೆಂಟ್ ಹಾಕಿಸಿಕೊಂಡು ಬಂದ ಒಬ್ಬೊಬ್ಬ ಮಾವನೂ ಒಬ್ಬೊಬ್ಬ ಪ್ರಚಾರಕ. ಒಂದು ವಿಷಯದಲ್ಲಿ ಒಳ್ಳೆಯವನಾಗಿ ಕಂಡವನು ಎಲ್ಲದರಲ್ಲೂ ಒಳ್ಳೆಯವನೇ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ ಎಂಬುದನ್ನು ಮನಃಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ, ಸೇನಾಧಿಕಾರಿಗಳು ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ನೋಡಿ, ತೋರಿಸಿದ್ದ. ಆಸ್ಪತ್ರೆ ಚೆನ್ನಾಗಿ ನಡೆಸಿದವರು ಸಂಸತ್ತಿನಲ್ಲಿ ಚೆನ್ನಾಗಿ ಮಾತಾಡುತ್ತಾರೆ ಎನ್ನಲು ಆಧಾರವೇನೂ ಇಲ್ಲ. ಮತದಾರ ಆಧಾರ ಕೇಳಲೂ ಇಲ್ಲ. ದೆಹಲಿಗೆ ಕಳಿಸುವವನು ಬಗರ್ ಹುಕುಂ ಸಭೆ ಕರೆಯಬೇಕಾಗಿಲ್ಲ, ಟಿಸಿ ಕೊಡಿಸಬೇಕಾಗಿಲ್ಲ. ಆ ಕುರ್ಚಿಗೆ ‘ಕೈಗೆ ಸಿಗ್ತಾರಾ’ ಎಂಬ ಪ್ರಶ್ನೆ ಸಡಿಲ. ‘ಮನುಷ್ಯ ಎಂಥವನು’ ಎಂಬ ಪ್ರಶ್ನೆ ಬಿಗಿ. ಕ್ಷೇತ್ರದ ನಗರದ ಭಾಗಗಳಾದ ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರಗಳಲ್ಲಿ ಇದಕ್ಕೆ ಮೋದಿಯವರ ಹೆಸರೂ ಜೊತೆಯಾಗಿ ಅಂತರ ಉಬ್ಬಿತು. ಕನಕಪುರ ಮಾತ್ರ ಸುರೇಶ್ ಅವರ ಕಡೆಗೇ ನಿಂತಿತು.

ಇಂಥದ್ದು ಮೊದಲೂ ಆಗಿದೆ. 2004ರಲ್ಲಿ ಆಗಿನ ಕನಕಪುರ ಲೋಕಸಭಾ ಕ್ಷೇತ್ರದಲ್ಲಿ ಟಿವಿ ಪತ್ರಕರ್ತೆ ತೇಜಸ್ವಿನಿ, ಚುನಾವಣೆಗೆ ಹೊಸಬರು, ದೇವೇಗೌಡರಂಥವರನ್ನೇ ಸೋಲಿಸಿದರು. ಬೆನ್ನಿಗೆ ಶಿವಕುಮಾರ್ ಇದ್ದರು, ನಿಜ. ಆಗಲೂ ಉತ್ತರಹಳ್ಳಿಯಂಥ ನಗರದಂಚಿನ ದೊಡ್ಡ ಭಾಗ ಆ ಕ್ಷೇತ್ರದೊಳಗಿತ್ತು. ಇಪ್ಪತ್ತು ವರ್ಷದ ಅಂತರದಲ್ಲಿ ಎರಡು ಸಲ, ರಾಜಕೀಯದ ಹೊರಗೆ ಹೆಸರು ಮಾಡಿದವರೊಬ್ಬರು ಲೋಕಸಭೆಯ ಕಣದಲ್ಲಿ ನುರಿತವರನ್ನು ಉರುಳಿಸಿದ್ದಾರೆ. ವಿಧಾನಸಭೆಗೆ ಅದೇ ಕಸರತ್ತು ಇಲ್ಲಿ ನಡೆಯುವುದು ಕಷ್ಟ. ಹೆಂಗಸರ ಮಟ್ಟಿಗಂತೂ ಇನ್ನೂ ಕಷ್ಟ: 2018ರ ಉಪಚುನಾವಣೆಯಲ್ಲಿ ಕುಮಾರಸ್ವಾಮಿಯವರ ಪತ್ನಿ ಅನಿತಾ ರಾಮನಗರದಿಂದ ಗೆದ್ದರು, ಆದರೆ ಎದುರಾಳಿ ಬಿಜೆಪಿ ಅಭ್ಯರ್ಥಿ ಮತದಾನಕ್ಕೆ ಮುಂಚೆಯೇ ಕಣ ಬಿಟ್ಟು ಕಾಂಗ್ರೆಸ್ಸಿಗೆ ಮರಳಿದ್ದರು. ಹೆಂಗಸೊಬ್ಬಳು ತಹಶೀಲ್ದಾರರನ್ನು ಗದರಿಸುವ ಚಿತ್ರ ಈ ಸೀಮೆಯ ಮನಸ್ಸಿಗೆ ಇನ್ನೂ ಒಗ್ಗಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಅಧ್ಯಕ್ಷೆಯರಾದವರು ಬೇಕಾದಷ್ಟು ಇದ್ದಾರೆ. ಅಲ್ಲಿಂದ ಮೇಲಕ್ಕೆ ಏಣಿಯಿಲ್ಲ.

ಏಣಿ ಯಾರಿಗೂ ಇಲ್ಲ ಎನ್ನುವುದು ಹೆಚ್ಚು ಸರಿ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ನಡೆದ ಚುನಾವಣೆಯ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹೊಸ ಮುಖವೊಂದನ್ನು ಚಿಕ್ಕ ಕುರ್ಚಿಯಲ್ಲಿ ಕೂರಿಸಿ, ಐದು ವರ್ಷ ನೋಡಿ, ಆಮೇಲೆ ದೊಡ್ಡದಕ್ಕೆ ಕಳಿಸುವ ಅವಕಾಶ ಮತದಾರರ ಕೈತಪ್ಪಿದೆ. ಹಾಗಾಗಿ ಎಲ್ಲ ಭಾರ ಶಾಸಕರ ಮೇಲೆ, ಎಲ್ಲ ಜನ ಅದೇ ಮನೆ ಮುಂದೆ. ಚುನಾವಣೆ ಬಂದಾಗ ಸೀರೆ, ಕುಕ್ಕರ್, ನೋಟು ಹಂಚುವ ಪದ್ಧತಿಗೂ ಇದರ ನಂಟಿದೆ. ಎರಡೂ ಕಡೆಯಿಂದ ತೆಗೆದುಕೊಂಡು ಮನಸ್ಸಿಗೆ ಬಂದವರಿಗೆ ಒತ್ತುವುದು ಇಲ್ಲಿ ಹೊಸದಲ್ಲ. ಆದರೆ ಕೊಡದವನನ್ನು ‘ಕೈಲಾಗದವನು’ ಎಂದುಕೊಳ್ಳುತ್ತಾರೆ; ಈಗಲೇ ಬಿಚ್ಚದ ಕೈ ಗೆದ್ದ ಮೇಲೆ ಬಿಚ್ಚೀತೇ ಎಂಬ ಅನುಮಾನ.

ಉಳಿದಿರುವ ಒಂದು ಏಣಿ ಹಾಲಿನದು. ಊರೂರಿನ ಡೇರಿ, ಅದರ ಮೇಲೆ ಬೆಂಗಳೂರು ಹಾಲು ಒಕ್ಕೂಟ. ಲೋಕಸಭೆಯಲ್ಲಿ ಸೋತ ಮರುವರ್ಷ, 2025ರಲ್ಲಿ, ಡಿ.ಕೆ. ಸುರೇಶ್ ಕನಕಪುರದಿಂದ ಒಕ್ಕೂಟದ ನಿರ್ದೇಶಕರಾಗಿ ಆಯ್ಕೆಯಾಗಿ, ಅಧ್ಯಕ್ಷರೂ ಆದರು. ಸಂಸದರಾಗಿದ್ದವರು ಹಾಲು ಒಕ್ಕೂಟಕ್ಕೆ ಇಳಿದರಲ್ಲ ಎಂದು ಕೆಲವರು ಆಡಿಕೊಂಡರು. ಈ ಸೀಮೆಯ ಮತದಾರ ಯಾವ ಕೋಲಿನಿಂದ ಅಳೆಯುತ್ತಾನೆ ಎಂಬುದು ಸುರೇಶ್ ಅವರಿಗೆ ಆಡಿಕೊಂಡವರಿಗಿಂತ ಚೆನ್ನಾಗಿ ಗೊತ್ತಿದ್ದಂತಿದೆ. ಲೋಕಸಭೆಯ ಭಾಷಣ ಹಳ್ಳಿಗೆ ಬಂದು ತಲುಪುವುದು ಅಪರೂಪ. ಲೀಟರಿಗೆ ಒಂದು ರೂಪಾಯಿ ಹೆಚ್ಚಾದರೂ ಕಡಿಮೆಯಾದರೂ ಅದು ಮಾರನೇ ಬೆಳಗ್ಗೆಯೇ ಡೇರಿಯ ಕಿಟಕಿಯಲ್ಲಿ ಗೊತ್ತಾಗುತ್ತದೆ, ಅದಕ್ಕೆ ಕಾರಣ ಯಾರು ಎಂಬ ಮಾತೂ ಅಲ್ಲಿಯೇ ಶುರುವಾಗುತ್ತದೆ.